ಉದ್ಘಾಟನೆಯ ದಿನ ಕ್ರಿಸಾಂತೋ ಒತ್ತಿದ ಹಾರನ್

ಅರಿಜೋನಾದ ಮರುಭೂಮಿಯ ಒಂದೇ ರ‍್ಯಾಂಚಿನಲ್ಲಿ ಮೂವತ್ತೊಂದು ವರ್ಷ ದನ ಕಾಯ್ದ ಕ್ರಿಸಾಂತೋ ಯೆಸ್ಕಾಸ್‌ಗೆ ಹುಲ್ಲಿನ ಬಗ್ಗೆ ಒಂದೇ ಅಭಿಪ್ರಾಯವಿತ್ತು: ಅದಿರುವುದು ತಿನ್ನುವುದಕ್ಕೆ. ೧೯೬೮ರಲ್ಲಿ ಧಣಿಯ ಮಕ್ಕಳು ರ‍್ಯಾಂಚನ್ನು ಮಾರಿದರು. ಕೊಂಡವರು ಗಾಲ್ಫ್ ರೆಸಾರ್ಟ್ ಕಟ್ಟಿ, ಅವನನ್ನು ಹುಲ್ಲು ಕತ್ತರಿಸಲು ಇಟ್ಟುಕೊಂಡರು. ಬೆಳೆಸಿದ ಹುಲ್ಲನ್ನು ಕತ್ತರಿಸಿ ಎಸೆಯುವ ಕೆಲಸ! ತನ್ನ ಕುದುರೆಗೆ ಯಾವ ಮುಖದಿಂದ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ. ಆದರೆ ಕೆಲಸದ ಜೊತೆಗೆ ಲಾಯದ ಹಿಂದಿನ ಎರಡು ಕೋಣೆಯ ಮನೆಯೂ ಇತ್ತು. ಹೆಂಡತಿ ಎಲೋಯ್ಸಾ ನಾಲ್ಕು ಮಕ್ಕಳನ್ನು ಹೆತ್ತ ಮನೆ. ನಾಚಿಕೆಯನ್ನು ನುಂಗಿಕೊಂಡು ಯಂತ್ರ ಹತ್ತಿದ.

ದನಗಳು ಪಕ್ಕದ ರ‍್ಯಾಂಚಿನ ಪಾಲಾದವು. ಅತಿಥಿಗಳಿಗೆ ಬೆಟ್ಟ ಚೆನ್ನಾಗಿ ಕಾಣಲೆಂದು ಮ್ಯಾನೇಜರ್ ಹ್ಯಾಡ್ಲಿ ನಡುವಿನ ಮುಳ್ಳುತಂತಿ ಕೀಳಿಸಿದ. ದನ ನುಗ್ಗುತ್ತವೆ ಎಂದು ಕ್ರಿಸಾಂತೋ ಹೇಳಿ ನೋಡಿದ. "ಅವನ್ನ ಇಲ್ಲಿಗೆ ಯಾರಯ್ಯ ಕರೀತಾರೆ?" ಅಂದ ಹ್ಯಾಡ್ಲಿ.

ಕರೆದವನು ಕ್ರಿಸಾಂತೋನೇ. ಉದ್ಘಾಟನೆಯ ಬೆಳಿಗ್ಗೆ ಗಾಲ್ಫ್ ಮೈದಾನದ ಮರಳುಗುಂಡಿಗಳಿಗೆಂದು ಟ್ರಕ್ಕಿನಲ್ಲಿ ಮರಳು ತುಂಬಿಕೊಂಡು ಹಳೇ ನೀರಿನ ತೊಟ್ಟಿಯ ತಿರುವಿಗೆ ಬಂದಾಗ, ಅವನ ಕೈ ತಾನಾಗಿ ಹಾರನ್ನನ್ನು ಮೂರು ಸಲ ಒತ್ತಿತು. ಒಣಹುಲ್ಲು ತಂದಾಗ ದನಗಳನ್ನು ಅಲ್ಲಿಗೆ ಕರೆಯುತ್ತಿದ್ದುದೇ ಹಾಗೆ. ತಾನು ಮಾಡಿದ್ದೇನೆಂದು ಅವನಿಗೆ ಆಮೇಲೆ ಹೊಳೆಯಿತು. ದನಗಳಿಗೆ ಅದಕ್ಕೂ ಮೊದಲೇ ಹೊಳೆದಿತ್ತು.

ಅರವತ್ತು ದನ ಓಡಿ ಬಂದು, ಬಿಳಿ ಪ್ಯಾಂಟಿನ ಅತಿಥಿಗಳ ನಡುವೆ, ಮೊದಲ ಪಂಕ್ತಿಗೆ ನುಗ್ಗಿದ ನೆಂಟರಂತೆ ಮೇಯತೊಡಗಿದವು. ಹ್ಯಾಡ್ಲಿ ಕೋಲು ಬೀಸಿದ. ಅವು ಅವನನ್ನು ಮರ್ಯಾದೆಯಿಂದಲೇ ನೋಡಿ ಮತ್ತೆ ತಲೆ ತಗ್ಗಿಸಿದವು. ಹಾರನ್ ಒತ್ತಿದ ತಪ್ಪಿಗೆ ಸಂಜೆಯೊಳಗೆ ಮನೆ ಖಾಲಿ ಮಾಡಬೇಕೆಂದು ಅವನು ಕ್ರಿಸಾಂತೋನ ಮೇಲೆ ಹರಿಹಾಯ್ದ.

"ಆಗ್ಲಿ ಸಾರ್. ಮೊದ್ಲು ಇವನ್ನ ಕರ್ಕೊಂಡೋಗ್ಲೋ, ನನ್ನ ಗಂಟುಮೂಟೆ ಕಟ್ಲೋ?"

ಅಷ್ಟರಲ್ಲಿ ಒಂದು ಹಸು, ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಸಗಣಿ ಹಾಕಿತು.

"ದನ ಮೊದ್ಲು," ಅಂದ ಹ್ಯಾಡ್ಲಿ, ಸಣ್ಣ ದನಿಯಲ್ಲಿ.

ಕ್ರಿಸಾಂತೋ ಟ್ರಕ್ ತಿರುಗಿಸಿ, ಹಾರನ್ ಒತ್ತುತ್ತ ನಿಧಾನವಾಗಿ ಹೊರಟ. ಅರವತ್ತೂ ಹಿಂದೆ ಬಂದವು. ದನ ಹೋಗುವುದನ್ನು ಕಣ್ಣಾರೆ ನೋಡಲು ಹ್ಯಾಡ್ಲಿಯೂ ಪಕ್ಕದ ಸೀಟಿಗೆ ಹತ್ತಿದ್ದ. ರೆಸಾರ್ಟಿನ ಗಡಿ ದಾಟಿದ ಮೇಲೆ, ಇವು ನಾಳೆಯೂ ಬರುತ್ತವೆಯೇ ಎಂದು ಕೇಳಿದ.

"ಹುಲ್ಲಿನ ರುಚಿ ಹತ್ತೈತೆ ಸಾರ್. ಇನ್ನು ಹಾರನ್ನೂ ಬೇಕಿಲ್ಲ."

"ತಂತಿ ಮತ್ತೆ ಕಟ್ಟೋಕೆ ಎಷ್ಟು ದಿನ ಬೇಕು?"

"ಚೆನ್ನಾಗಿ ಕಟ್ಟಬೇಕು ಅಂದ್ರೆ, ನಾನು ಸಾಯೋವರೆಗೂ ಆಗ್ತದೆ."

ಹ್ಯಾಡ್ಲಿ ದನಗಳನ್ನೊಮ್ಮೆ, ಅವನನ್ನೊಮ್ಮೆ ನೋಡಿದ. "ಚೆನ್ನಾಗೇ ಕಟ್ಟು," ಅಂದ.

ಸುದ್ದಿ ಮೊದಲೇ ಮನೆ ಮುಟ್ಟಿತ್ತು. ಎಲೋಯ್ಸಾ ಸಾಮಾನನ್ನೆಲ್ಲ ಟ್ರಂಕಿಗೆ ತುಂಬಿ ಅದರ ಮೇಲೆ ಕೂತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿ, ಒಂದು ಕಾಫಿ ಕೇಳಿದ. ಅವಳು ಎದ್ದಳು, ಸೆರಗಿಲ್ಲದ್ದರಿಂದ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

"ಕಾಫಿ ಪಾತ್ರೆ ಟ್ರಂಕಿನ ತಳದಾಗೈತೆ. ನೀನೇ ತೆಗಿ," ಅಂದಳು.