ಅಮ್ಮನವರ ಕೈಗೆ ಸಿಕ್ಕ ಭೂತಗನ್ನಡಿ

ರೆಕಾರ್ಡ್ ಪ್ಲೇಯರಿನ ಮುಳ್ಳು ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಒಮ್ಮೆ ಹಳೇಬೀಡಿನ ಜೈನ ವರ್ತಕರೊಬ್ಬರ ಮನೆಗೆ ಹೋಗಿದ್ದೆ. ಮುಳ್ಳಿನ ತುದಿ ಸವೆದು ಹಾಡೆಲ್ಲ ಗೊರಗೊರ ಅನ್ನುತ್ತಿತ್ತು. ಹೊಸ ತುದಿ ಅಂಟಿಸಲು ಕೂತಾಗ ಅವರ ತಾಯಿ ಬಂದು, "ಆ ತುದಿ ವಜ್ರದ್ದಂತೆ, ಎಲ್ಲಿದೆಯಪ್ಪಾ?" ಎಂದರು.

ಬರಿಗಣ್ಣಿಗೆ ಕಾಣುವಂಥದ್ದಲ್ಲ. ನನ್ನ ಭೂತಗನ್ನಡಿ ಕೊಟ್ಟೆ. "ಇಷ್ಟೇನಾ!" ಎಂದವರು ಅದನ್ನು ಪಕ್ಕದ ಮೊರದಲ್ಲಿದ್ದ ಅಕ್ಕಿಯ ಮೇಲೆ ಹಿಡಿದರು. ಮುಖ ಸಪ್ಪಗಾಯಿತು.

"ಅಯ್ಯೋ, ಇದು ಆರಿಸಿಟ್ಟ ಅಕ್ಕಿ ಕಣಪ್ಪ! ಇದರಲ್ಲೂ ಹುಳ ಓಡಾಡ್ತಾವೆ! ಇಷ್ಟು ವರ್ಷ ಎಷ್ಟು ಜೀವ ಬೇಯಿಸಿಬಿಟ್ಟೆನೋ!"

"ಅಮ್ಮಾ, ಕನ್ನಡಿ ಕೊಡಿ, ಕೆಲಸ ಅರ್ಧಕ್ಕೆ ನಿಂತಿದೆ."

"ಹಾಡು ಕಾಯುತ್ತೆ, ಕೂತ್ಕೋ."

ಒಂದೊಂದೇ ಹುಳವನ್ನು ಕಾಗದದ ಚೂರಿನಲ್ಲಿ ಎತ್ತಿ ಹಿತ್ತಲಿಗೆ ಬಿಟ್ಟರು. ಅಕ್ಕಿ ಮುಗಿಸಿ ಬೇಳೆಗೆ ಕೈಹಾಕಿದರು. ಹೊತ್ತು ಮುಳುಗಿದರೆ ಆ ಮನೆಯಲ್ಲಿ ಊಟವಿಲ್ಲ, ಹಾಗಾಗಿ ಮಧ್ಯಾಹ್ನದ ಅಡುಗೆಯನ್ನು ಸಂಜೆ ಐದಕ್ಕೆ ಅವಸರದಿಂದ ಬಡಿಸಿದರು. ಆಮೇಲೆ ಕನ್ನಡಿ ಸಿಕ್ಕಿತು, ತುದಿ ಕೂತಿತು, ಹಾಡು ತಿಳಿಯಾಗಿ ಬಂತು.

"ನಾಳೆ ರಾಗಿ ನೋಡ್ಬೇಕು, ಆ ಕನ್ನಡೀನ ಇಲ್ಲೇ ಬಿಟ್ಟು ಹೋಗಪ್ಪ" ಎಂದರು. ಇಲ್ಲವೆನ್ನಲಾಗಲಿಲ್ಲ.

ಅರಸೀಕೆರೆಯಲ್ಲಿ ಬೇರೊಂದು ಕೊಂಡೆ. ಅದನ್ನು ನಮ್ಮ ಮನೆಯ ಅಕ್ಕಿಯ ಮೇಲೆ ಹಿಡಿಯುವ ಧೈರ್ಯ ಮಾತ್ರ ಇವತ್ತಿಗೂ ಬಂದಿಲ್ಲ.