ಬಡಿ, ಬುಡು

ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಒಂದೇ ಸಾಲು: ‘ಅಣ್ಣನ ಕಾರಿಗೆ ಹೊಸ ಪ್ಲಗ್ ಹಾಕಿದೆವು.’ ಹಾಕಿದ್ದು ನಾನೊಬ್ಬನೇ. ತಪ್ಪಿನ ಅರಿವು ಆಗಲೇ ಇದ್ದು ಬಹುವಚನ ಬಳಸಿದೆನೇ, ಅಥವಾ ಇದು ಈಗ ಹೊಳೆದ ಜಾಣತನವೇ, ಹೇಳಲಾರೆ.

ಅಣ್ಣನದು ಹಳೆಯ ಸೆಡಾನ್. ಚನ್ನಪಟ್ಟಣದ ತನ್ನ ಶೆಡ್ಡಿನಲ್ಲಿ ಎರಡು ವರ್ಷ ಒದ್ದಾಡಿ ಅದಕ್ಕೆ ಸೂಪರ್‌ಚಾರ್ಜರ್ ಕೂರಿಸಿದ್ದ. ಬೆಲ್ಟಿನ ಬಲದಿಂದ ತಿರುಗುತ್ತ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಕೆಲಸ ಮುಗಿಯುವಷ್ಟರಲ್ಲಿ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಿತ್ತು. ಡಾಕ್ಟರು ಕಾರು ಓಡಿಸಬೇಡಿ ಎಂದಿದ್ದರು. ಹಾಗಾಗಿ ಓಡಿಸುವವನು ನಾನು, ಪಕ್ಕದಲ್ಲಿ ಕೂತು ಎಂಜಿನ್ನಿಗೆ ಕಿವಿ ಕೊಡುವವನು ಅವನು.

ಎಂಜಿನ್ನಿನೊಳಗೆ ಕಿಡಿ ಹಾರಿಸುವ ಆ ಪ್ಲಗ್ ಆರಿಸುವುದಕ್ಕೇ ಅವನಿಗೆ ಒಂದು ವಾರ ಬೇಕಾಯಿತು. ಒತ್ತಿ ತುಂಬಿದ ಗಾಳಿಯಿಂದ ಎಂಜಿನ್ ಹೆಚ್ಚು ಕಾಯುತ್ತದೆ. ಆದ್ದರಿಂದ ಮಾಮೂಲಿಗಿಂತ ಒಂದು ಮೆಟ್ಟಿಲು ತಣ್ಣನೆಯ, ಅಂದರೆ ಶಾಖವನ್ನು ಬೇಗ ಹೊರಗೆ ಸಾಗಿಸುವ ಪ್ಲಗ್ ಬೇಕು. ಇರಿಡಿಯಂ ಲೋಹದ್ದು ತರಲೇ ಎಂದು ಕೇಳಿದೆ.

“ಅದರ ಮೂತಿ ಸೂಜಿ ಇದ್ದಂಗೆ ಐತೆ ಕಣ್ಲಾ. ನಿನ್ ಕೈಗೆ ಕೊಟ್ರೆ ಮುರ್ದೇ ಬುಡ್ತೀಯ. ತಾಮ್ರದ್ದೇ ತತ್ತಾ.”

ಅದನ್ನೇ ತಂದೆ. ಉಕ್ಕಿನ ತೆಳು ಪಟ್ಟಿಗಳ ಗೇಜನ್ನು ಪ್ಲಗ್ಗಿನ ಬಾಯಿಗೆ ತೂರಿಸಿ ಕಿಡಿ ದಾಟುವ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದೆ. “ಪಾಯಿಂಟ್ ಎಂಟು ಐತಣ್ಣ” ಎಂದೆ. ಪಕ್ಕದ ಬೊಂಬೆ ಅಂಗಡಿಯಲ್ಲಿ ಲೇತ್ ಯಂತ್ರ ಮರ ಕಡೆಯುತ್ತ ಕಿರುಚುತ್ತಿತ್ತು. ಅಣ್ಣ ಕೂಗಿ ಹೇಳಿದ್ದು ನನಗೆ “ಒಸಿ ಬುಡು” ಎಂದು ಕೇಳಿಸಿತು. ಅಂತರ ಇನ್ನೂ ಸ್ವಲ್ಪ ಬಿಡಬೇಕೆಂದುಕೊಂಡು ಒಸಿ ಬಿಟ್ಟೆ. ಪ್ಲಗ್ಗಿನ ತುದಿಯ ಬಾಗಿದ ಕಡ್ಡಿಯನ್ನು ಮೆಲ್ಲಗೆ ಮೇಲೆತ್ತಿ, ನಾಲ್ಕನ್ನೂ ಪಾಯಿಂಟ್ ಒಂಬತ್ತು ಮಾಡಿದೆ.

ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಅಂತರ ದಾಟುವುದು ಕಷ್ಟ, ಅದಕ್ಕೇ ಅಂತರ ಕಿರಿದಾಗಬೇಕು. ಇದನ್ನು ವಿಶ್ವವಿದ್ಯಾಲಯದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಆದರೂ ತಿರುಗಿ ಕೇಳಲಿಲ್ಲ. ಕಾಲೇಜಿನಲ್ಲಿ ಐದು ಪಾಠ ಮಾಡಿ ಬಂದಿದ್ದೆ, ಬೇಗ ಮುಗಿದರೆ ಸಾಕಾಗಿತ್ತು. ಈ ಸಮಾಧಾನವೂ ಆಮೇಲೆ ಹೊಲಿದುಕೊಂಡದ್ದೇ ಇರಬಹುದು.

ಅಂದೇ ಸಂಜೆ ರಾಮನಗರ ದಾಟಿ ಮಾಗಡಿ ರಸ್ತೆಯ ಏರಿನಲ್ಲಿ ಪೆಡಲ್ ಒತ್ತಿದೆ. ಎಂಜಿನ್ ಕೆಮ್ಮಿತು. ಮತ್ತೆ ಒತ್ತಿದೆ, ಮತ್ತೆ ಕೆಮ್ಮಿತು. ಅಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡ.

“ತಿರುಗ್ಸು. ಗಾಳಿ ತುಂಬೋ ನನ್ ಲೆಕ್ಕಾನೇ ತಪ್ಪೋಗೈತೆ. ಕಣ್ಣಿನ ಜೊತೆ ನನ್ ತಲೇನೂ ಹೋಯ್ತು.”

ನಾನು ಕಾರು ತಿರುಗಿಸಿದೆ.

ಎಂಟು ದಿನದ ಮೇಲೆ ಶೆಡ್ಡಿಗೆ ಹೋದಾಗ ಬಾನೆಟ್ ತೆರೆದಿತ್ತು, ಬೆಲ್ಟ್ ನೆಲದ ಮೇಲಿತ್ತು. ಅಣ್ಣ ಸೂಪರ್‌ಚಾರ್ಜರಿನ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಹಿಡಿತ ಸಿಗದೆ ತಡಕಾಡುತ್ತಿದ್ದ.

“ಬಿಚ್ಚಾಕ್ಬುಡ್ತೀನಿ. ಕಣ್ಣಿಲ್ದೋನಿಗೆ ಇದೆಲ್ಲ ಯಾಕೆ?”

ಒಂದು ಬೋಲ್ಟ್ ಸಡಿಲವಾಯಿತು. ಎರಡನೆಯದಕ್ಕೆ ಸ್ಪ್ಯಾನರ್ ಹೋದಾಗ ಬಾಯಿಬಿಟ್ಟೆ: “ಪ್ಲಗ್ ಪಾಯಿಂಟ್ ಒಂಬತ್ತು ಮಾಡಿದ್ದೆ ಅಣ್ಣ. ನೀನ್ ಒಸಿ ಬುಡು ಅಂದ್ಯಲ್ಲ.”

ಅವನು ನಿಧಾನಕ್ಕೆ ತಲೆಯೆತ್ತಿದ.

“ಬಡಿ ಅಂದೆ ಕಣ್ಲಾ! ಒಸಿ ಬಡಿ! ತಟ್ಟಿದ್ರೆ ತಾನೇ ಅಂತರ ಕಮ್ಮಿ ಆಗೋದು? ಬುಡೋಕೆ ಅದೇನ್ ಮೇಯೋಕೆ ಹೋಗೋ ಎಮ್ಮೆಯೇನ್ಲಾ?”

ನಗು ಬಂತು, ನಗಲಿಲ್ಲ. ಅವನೂ ನಗಲಿಲ್ಲ.

“ಅವತ್ತೇ ಗೊತ್ತಾಗಿತ್ತಾ ನಿಂಗೆ?”

“ಇಲ್ಲ” ಎಂದೆ. ಅದು ನಿಜವೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಏರಿನಲ್ಲಿ ಎಂಜಿನ್ ಎರಡನೆಯ ಸಲ ಕೆಮ್ಮಿದಾಗ ನನ್ನ ಕಾಲು ತಾನಾಗಿ ಪೆಡಲ್ ಬಿಟ್ಟದ್ದು ನೆನಪಿದೆ. ಅದು ಅರಿವೋ ಬರೀ ಭಯವೋ, ಬೇರ್ಪಡಿಸಲು ಬರುವುದಿಲ್ಲ.

ನಾಲ್ಕೂ ಪ್ಲಗ್ ಬಿಚ್ಚಿ ಗೇಜ್ ಹಿಡಿದು ಕೂತೆ.

“ಪಾಯಿಂಟ್ ಏಳು” ಎಂದ. “ಏಳು ಅಂದ್ರೆ ಎದ್ ನಿಂತ್ಕಬ್ಯಾಡ ಮತ್ತೆ.”

ಕಡ್ಡಿಯನ್ನು ಬೆಂಚಿಗೆ ಮೆಲ್ಲಗೆ ಬಡಿದೆ, ಅಳೆದೆ, ಮತ್ತೆ ಬಡಿದೆ. ಪ್ರತಿ ಸಲವೂ ಅಂಕಿಯನ್ನು ಜೋರಾಗಿ ಓದಿಸಿದ. ಪ್ಲಗ್‌ಗಳನ್ನು ನನ್ನ ಕೈಯಿಂದಲೇ ಹಾಕಿಸಿ, ಸಡಿಲಿಸಿದ್ದ ಬೋಲ್ಟನ್ನು ತಾನೇ ಬಿಗಿದ. ಬೆಲ್ಟ್ ಏರಿಸಲು ನಾನು ಬಗ್ಗಿದೆ. ಅವನು ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ, ಬೆಲ್ಟ್ ಕೂರುವ ಗಾಲಿಗಳನ್ನು ಬೆರಳಲ್ಲೇ ಹುಡುಕುತ್ತ, ಬಹಳ ಹೊತ್ತು ತೆಗೆದುಕೊಂಡು, ಅದನ್ನು ಏರಿಸಿದ.