ಹಪ್ಪಳದ ಭರಣಿಯ ಮೀನುಮರಿಗಳು

ಡೊಂಬಿವಲಿಯ ನಮ್ಮ ಹಳೆಯ ಕಟ್ಟಡ, ಕೆಡವಿ ಹೊಸದಾಗಿ ಕಟ್ಟಲು ರೀಡೆವಲಪ್‌ಮೆಂಟಿಗೆ ಹೋದಾಗ, ಮನೆ ಖಾಲಿ ಮಾಡುವ ದಿನ ನನ್ನ ಮಗಳು ಕೇಳಿದ್ದು ಒಂದೇ ಒಂದು. ಗೆಳತಿಯರನ್ನು ಬಿಟ್ಟು ಹೋಗುವುದಕ್ಕೆ ಅವಳು ಅತ್ತಿರಲಿಲ್ಲ. ಕಳವಾ ಎಂಬಲ್ಲಿ ಹಿಡಿದಿದ್ದ ಬಾಡಿಗೆ ಮನೆ ಚಿಕ್ಕದೆಂದು ಗೊಣಗಿರಲಿಲ್ಲ. ಬೆಳಿಗ್ಗೆ ನಾನು ಚಹಾಕ್ಕೆ ನೀರಿಟ್ಟಾಗ ಹಿಂದಿನಿಂದ ಬಂದು ದುಪಟ್ಟಾದ ತುದಿ ಹಿಡಿದುಕೊಂಡು, "ಮಮ್ಮಾ, ಬಚ್ಚೆ ತೋ ಲೇಕೆ ಜಾಯೇಂಗೆ ನಾ?" ಎಂದಳು. ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

"ಮರಿಗಳನ್ನು ಬಿಟ್ಟು ಹೋಗ್ತೇವಾ? ಖಂಡಿತ ಕರಕೊಂಡು ಹೋಗುವ" ಎಂದೆ.

ಮರಿಗಳೆಂದರೆ ನಮ್ಮ ಮುಂದಿನ ಕೋಣೆಯ ಗಾಜಿನ ತೊಟ್ಟಿಯಲ್ಲಿದ್ದ ಮೀನುಮರಿಗಳು. ತೊಟ್ಟಿ ತಂದ ದಿನ ಮಗಳು ತಾನೇ ಬೆರಳು ತೋರಿಸಿ ಆರಿಸಿದ ಒಂದು ಕಿತ್ತಳೆ ಬಣ್ಣದ ಪ್ಲಾಟಿ ಮೀನಿತ್ತು. ಅದು ಎಷ್ಟೋ ಸಲ ಮರಿ ಹಾಕಿತ್ತು, ಪ್ರತಿ ಸಲವೂ ಅದೇ ತೊಟ್ಟಿಯ ಏಂಜೆಲ್ ಮೀನುಗಳು ಎರಡು ದಿನದಲ್ಲಿ ಎಲ್ಲವನ್ನೂ ನುಂಗಿಬಿಡುತ್ತಿದ್ದವು. ಈ ಸಲ ಗಿಡಗಳು ದಟ್ಟವಾಗಿ ಬೆಳೆದಿದ್ದರಿಂದ ಕೆಲವು ಉಳಿದುಕೊಂಡಿದ್ದವು. ಆದರೆ ಹಿಂದಿನ ವಾರ ತಾಯಿಯೇ ಸತ್ತಿತ್ತು. ಮಗಳು ಅದನ್ನು ತುಳಸಿ ಕುಂಡದಲ್ಲಿ ಹೂಳಿ, ಯಾರಿಗೂ ಹೇಳದೆ ಮೇಲೊಂದು ಬಟನ್ ಇಟ್ಟಿದ್ದಳು. ಕಿತ್ತಳೆ ಬಣ್ಣದ್ದೇ.

ಬಾಡಿಗೆ ಮನೆಯಲ್ಲಿ ಅಷ್ಟು ದೊಡ್ಡ ತೊಟ್ಟಿಗೆ ಜಾಗವಿರಲಿಲ್ಲ. ಹತ್ತಿರದ ಕಲ್ಯಾಣ ಊರಿನ ಹಲ್ಲಿನ ಡಾಕ್ಟರೊಬ್ಬರು ಅದನ್ನು ದೊಡ್ಡ ಮೀನುಗಳ ಸಮೇತ ತಮ್ಮ ಕ್ಲಿನಿಕ್ಕಿಗೆ ಕೇಳಿದ್ದರು. ಸಂಜೆ ಅವರ ಕಡೆಯವರು ಬಂದು ಗಿಡ ಕಿತ್ತು, ನೀರು ಬಸಿದು, ತೊಟ್ಟಿ ಹೊತ್ತುಕೊಂಡು ಹೋಗುವವರಿದ್ದರು. ಗಿಡ ಕಿತ್ತ ಮೇಲೆ ಮರಿಗಳಿಗೆ ಅಡಗಲು ಜಾಗ ಎಲ್ಲಿದೆ? ಅಷ್ಟರೊಳಗೆ ಅವುಗಳನ್ನು ತೆಗೆಯಬೇಕಿತ್ತು.

ನನಗೆ ಗಾಬರಿಯೇನೂ ಆಗಲಿಲ್ಲ. ತೊಟ್ಟಿಯ ಎದುರು ಕೂತು ತರಕಾರಿ ಹೆಚ್ಚುವವಳಿಗೆ ಅದರ ಒಳಗಿನ ಸಂಸಾರ ಗೊತ್ತಿರುತ್ತದೆ. ಕತ್ತಲಾದರೆ ಮರಿಗಳು ಬೆಳಕಿದ್ದ ಕಡೆ ಮೇಲೆ ಬರುವುದನ್ನು ನಾನು ನೋಡಿದ್ದೆ. ಬಲೆ ಹಾಕಿದರೆ ಅದರ ತೂತುಗಳಿಗೆ ಅಂಟಿ, ಬಿಡಿಸುವಾಗ ನಲುಗಿಹೋಗುವುದನ್ನೂ ನೋಡಿದ್ದೆ.

ಕಷ್ಟ ಇದ್ದದ್ದು ಪಾತ್ರೆಯದು. ನನ್ನ ಗಂಡ ಮೊದಲ ಟೆಂಪೋದ ಜೊತೆ ಕಳವಾಕ್ಕೆ ಹೋಗಿದ್ದರು, ಅಡುಗೆಮನೆಯೆಲ್ಲ ಅದರಲ್ಲೇ ಹೋಗಿತ್ತು. ಚಹಾದ ಸ್ಟೀಲ್ ಲೋಟಗಳು, ಅತ್ತೆ ಟೆಂಪೋದವರ ಕೈಗೆ ಕೊಡಲೊಪ್ಪದ ಒಂದು ಪೆಟ್ಟಿಗೆ, ಮತ್ತೆ ಹೊಸ ಮನೆಗೆಂದು ಅವರು ಬೇರೆ ತೆಗೆದಿಟ್ಟ ಸಾಮಾನು ಇಷ್ಟೇ ಉಳಿದಿದ್ದದ್ದು. ನಮ್ಮ ಕಡೆ ಹೊಸ ಮನೆಯ ಹೊಸಿಲು ಮೊದಲು ದಾಟುವುದು ನೀರು ತುಂಬಿದ ಕೊಡಪಾನ. ಆಮೇಲೆ ಒಲೆಯ ಮೇಲೆ ಹಾಲು ಉಕ್ಕಬೇಕು. ಬಾಡಿಗೆ ಮನೆಯಾದರೂ ಅಷ್ಟೆ. ಅದಕ್ಕಾಗಿ ತಾಮ್ರದ ಪುಟ್ಟ ಕೊಡಪಾನವನ್ನು ಅತ್ತೆ ಬೆಳಿಗ್ಗೆಯೇ ಹುಣಿಸೆಹಣ್ಣು, ಉಪ್ಪು ಹಾಕಿ ಫಳಫಳ ತಿಕ್ಕಿಟ್ಟಿದ್ದರು. ಪಕ್ಕದಲ್ಲಿ ಹಾಲಿನ ಪಾತ್ರೆ, ಒಂದು ಸೌಟು.

ನಾನು ಸೌಟು ಎತ್ತಿಕೊಂಡೆ.

"ಎಂತ ಮಾರಾಯ್ತಿ, ಹಾಲಿಗೆ ಇಟ್ಟ ಸೌಟು ಅದು!"

"ತೊಳೆದು ಕೊಡ್ತೇನೆ ಅತ್ತೆ."

"ನಮ್ಮ ಊರಲ್ಲಿ ಮನೆಗೆ ಮೀನು ಬಂದರೆ ನಾವು ಉಣ್ಣುವುದು. ಇಲ್ಲಿ ಮೀನಿಗೆ ಉಣ್ಣಿಸುವುದು. ಈಗ ಅದಕ್ಕೆ ಸೌಟು ಬೇರೆ" ಎಂದು ಅತ್ತೆ ಮೊಮ್ಮಗಳ ಕಡೆ ನೋಡಿದರು. ಅವಳ ಮುಖ ನೋಡಿ ಸೌಟನ್ನು ನನಗೇ ಬಿಟ್ಟರು.

ತೊಟ್ಟಿಯ ನೀರು ಸೋಸುವ ಯಂತ್ರವನ್ನು ಮೊದಲು ನಿಲ್ಲಿಸಿದೆ, ಇಲ್ಲದಿದ್ದರೆ ಅದು ಮರಿಗಳನ್ನು ಎಳೆದುಕೊಳ್ಳುತ್ತದೆ. ದೀಪ ಆರಿಸಿ ಗಾಜಿನ ಮೇಲೆ ಬೆಡ್‌ಶೀಟ್ ಹೊದಿಸಿದೆ. ದೊಡ್ಡ ಮೀನುಗಳಿಗೆ ಎಡ ಮೂಲೆಯಲ್ಲಿ ಆಹಾರ ಉದುರಿಸಿದೆ. ಬಲ ಮೂಲೆಯಲ್ಲಿ ಮಗಳು ಮೊಬೈಲಿನ ಟಾರ್ಚ್ ಹಿಡಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಾಚಿಯ ನಡುವಿನಿಂದ ಸಾಸಿವೆಗಿಂತ ಸಣ್ಣ ಎರಡು ಕಣ್ಣು. ಅದರ ಹಿಂದೆ ಇನ್ನೊಂದು ಜೊತೆ.

"ಮಮ್ಮಾ! ಆ ಗಯೇ!"

"ಶ್, ಕೈ ಅಲ್ಲಾಡಿಸಬೇಡ."

ಕಾಯಿಸಿದ ಹಾಲಿನ ಕೆನೆ ತೆಗೆಯುವಾಗ ಸೌಟನ್ನು ಹೇಗೆ ಓರೆ ಮಾಡುತ್ತೇವೋ ಹಾಗೆ ಮಾಡಿದೆ. ಅಂಚು ನೀರಿನಿಂದ ಕೂದಲೆಳೆಯಷ್ಟು ಕೆಳಗೆ. ಬೆನ್ನಟ್ಟಬಾರದು, ಸುಮ್ಮನೆ ಹಿಡಿದಿರಬೇಕು. ನೀರು ತಾನಾಗಿ ಸೌಟಿನೊಳಗೆ ಜಾರುತ್ತದೆ, ಅದರ ಜೊತೆ ಮರಿಯೂ ಜಾರುತ್ತದೆ. ತನ್ನನ್ನು ಹಿಡಿದರೆಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ತೊಟ್ಟಿಯ ನೀರನ್ನೇ ತುಂಬಿಟ್ಟ ಲೋಟಗಳಿಗೆ ಒಂದೊಂದಾಗಿ ಇಳಿಸುತ್ತಾ ಹೋದೆ. ಕೊನೆಗೆ ತೇಲುವ ಗಿಡವನ್ನು ಮೆಲ್ಲನೆ ಎತ್ತಿ ಸೌಟಿನಲ್ಲಿ ಅದ್ದಿ ಅಲುಗಿಸಿದಾಗ ಬೇರಿನಿಂದ ಇನ್ನೂ ಮೂರು ಉದುರಿದವು.

ಅಷ್ಟರಲ್ಲಿ ಡಾಕ್ಟರರ ಟೆಂಪೋ ಎಲ್ಲಿ ನಿಲ್ಲಿಸುವುದೆಂದು ಕೇಳಲು ವಾಚ್‌ಮನ್ ಬಂದ. ಬಾಗಿಲಲ್ಲಿ ಅವನಿಗೆ ಹೇಳಿ ತಿರುಗಿ ಬರುವಾಗ ಲೋಟಗಳೆಲ್ಲ ಖಾಲಿ.

"ಪಾಪ, ಲೋಟದಲ್ಲಿ ಒತ್ತಿಕೊಂಡಿದ್ದವು. ಕೊಡಪಾನಕ್ಕೆ ಹಾಕಿದೆ" ಎಂದರು ಅತ್ತೆ ಬಹಳ ಸಂತೋಷದಿಂದ. "ತಾಮ್ರದ ನೀರಿನಷ್ಟು ಶುದ್ಧ ಬೇರೆ ಉಂಟಾ? ನಾನು ದಿನಾ ಕುಡಿಯುವುದಿಲ್ಲವಾ? ಹೇಗೂ ತುಂಬಿದ ಕೊಡಪಾನ ಒಳಗೆ ಹೋಗಬೇಕಲ್ಲ. ಜೀವ ಇದ್ದ ನೀರು ಹೋಗಲಿ."

ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ವಿಜ್ಞಾನದ ಸಿಸ್ಟರ್, ಮೀನುಗಳಿಗೆ ಆಗುವುದಿಲ್ಲ, ತಾವರೆ ಕೊಳಕ್ಕೆ ಯಾರೂ ತಾಮ್ರದ ಕಾಸು ಎಸೆಯಬಾರದೆಂದು ಎಷ್ಟು ಸಲ ಹೇಳಿದ್ದರೋ. ಆದರೆ ಸಿಸ್ಟರ್ ಹೇಳಿದ್ದನ್ನು ಅತ್ತೆಗೆ ಹೇಳಿದರೆ ಜಗಳ ರಾತ್ರಿಯವರೆಗೆ ನಡೆಯುತ್ತಿತ್ತು. ನಾನು ಅಡುಗೆಮನೆಯ ಮಾತನ್ನೇ ಆಡಿದೆ.

"ಅತ್ತೆ, ಈ ಕೊಡಪಾನದಲ್ಲಿ ಮಜ್ಜಿಗೆ ಇಡ್ತೀರಾ?"

"ಮರುಳಾ ನಿನಗೆ? ಕಿಲುಬು ಬಿಡುವುದಿಲ್ಲವಾ?"

"ನೀರಲ್ಲೂ ಒಂಚೂರು ಬಿಡ್ತದೆ. ನಮಗೆ ಗೊತ್ತಾಗುವುದಿಲ್ಲ. ಇಷ್ಟು ಸಣ್ಣ ಜೀವಕ್ಕೆ ಅದೇ ವಿಷ."

ಅತ್ತೆ ಕೊಡಪಾನದೊಳಗೆ ಇಣುಕಿದರು. ಮಗಳೂ ಇಣುಕಿದಳು. ಒಂದು ಮರಿ ಅಡ್ಡವಾಗಿ ಮಲಗಿತ್ತು. ಮಗಳು ನನ್ನ ಮುಖ ನೋಡಿದಳು. ಆ ನೋಟ ತಡೆಯುವುದು ಕಷ್ಟವಾಗಿತ್ತು.

"ಹಾಲಿನ ಪಾತ್ರೆ ಕೊಡಿ ಅತ್ತೆ" ಎಂದೆ.

ಮೀನಿಗೇ ಬೇರೆ ಪಾತ್ರೆ, ಬೇರೆ ಕತ್ತಿ, ಬೇರೆ ಮೂಲೆ ಇರುವ ಮನೆ ನಮ್ಮದು. ಹೊಸ ಮನೆಯಲ್ಲಿ ಉಕ್ಕಬೇಕಾದ ಹಾಲಿನ ಪಾತ್ರೆಗೆ ಮೀನು ಹಾಕುವುದೆಂದರೆ ಅತ್ತೆಯ ಪಾಲಿಗೆ ಆಗದ ಮಾತು. ಅವರು ಸೆರಗು ಸಿಕ್ಕಿಸಿ, ತಾವು ಯಾರಿಗೂ ಕೊಡದ ಆ ಪೆಟ್ಟಿಗೆಯ ಟೇಪನ್ನು ಉಗುರಿನಿಂದ ಪರಪರ ಹರಿದರು. ಸೀರೆಯಲ್ಲಿ ಸುತ್ತಿದ ದೊಡ್ಡ ಗಾಜಿನ ಭರಣಿ ಹೊರಗೆ ಬಂತು. ಊರಿನ ಹಲಸಿನ ಹಪ್ಪಳದ ಭರಣಿ. ಹಪ್ಪಳವನ್ನೆಲ್ಲ ಅದೇ ಸೀರೆಗೆ ಸುರಿದು, ಭರಣಿಯನ್ನು ತೊಳೆದು, ಸೆರಗಿನಿಂದಲೇ ಒರೆಸಿ ನನ್ನ ಮುಂದಿಟ್ಟರು.

"ಸಾಬೂನು ಹಾಕಲಿಲ್ಲ" ಎಂದರು.

ತೊಟ್ಟಿಯ ನೀರು ತುಂಬಿ, ಒಂದು ಹಿಡಿ ಗಿಡ ಬಿಟ್ಟೆ. ಕೊಡಪಾನವನ್ನು ಬಗ್ಗಿಸಿ ಸಣ್ಣ ಧಾರೆಯಲ್ಲಿ ಸೌಟಿಗೆ, ಸೌಟಿನಿಂದ ಭರಣಿಗೆ. ಅಡ್ಡ ಬಿದ್ದಿದ್ದ ಮರಿ ಗಿಡದ ಎಲೆಯ ಮೇಲೆ ಹಾಗೆಯೇ ಒರಗಿಕೊಂಡಿತು. ಭರಣಿಯ ಬಾಯಿಗೆ ತೆಳು ಬಟ್ಟೆ ಕಟ್ಟಿದೆವು.

ಡಾಕ್ಟರರ ಕಡೆಯವರು ತೊಟ್ಟಿ ಹೊತ್ತುಕೊಂಡು ಹೋದ ಮೇಲೆ ನಾವು ಮೂವರು ರಿಕ್ಷಾದಲ್ಲಿ ಹೊರಟೆವು. ಕಳವಾ ಬರುವ ತನಕ ಮಗಳು ಭರಣಿಯನ್ನು ಮಡಿಲಲ್ಲಿ ಹಿಡಿದು, ಗುಂಡಿ ಬಂದಾಗಲೆಲ್ಲ ಅದು ಕುಲುಕದಂತೆ ತಾನು ಎದ್ದು ಕೂತು, ಒಮ್ಮೆಯೂ ಒಳಗೆ ನೋಡಲಿಲ್ಲ.

ಹೊಸ ಬಾಗಿಲಲ್ಲಿ ನನ್ನ ಗಂಡ ಕೊಡಪಾನಕ್ಕೆ ಕೈ ಚಾಚಿದರು. ಅತ್ತೆ ತಡೆದರು. "ನಿಲ್ಲು. ಮೊದಲು ಅವಳು ಹೋಗಲಿ. ಮಗಾ, ಬಲಗಾಲು ಇಡು."

ಮಗಳು ಭರಣಿ ಎತ್ತಿಕೊಂಡು ಹೊಸಿಲು ದಾಟಿ, ಕಿಟಕಿಯ ಕಟ್ಟೆಯ ಮೇಲಿಟ್ಟು ಆಗ ಬಗ್ಗಿ ನೋಡಿದಳು. ನಾನೂ ನೋಡಿದೆ. ಬಿದ್ದಿದ್ದ ಮರಿ ಯಾವುದೆಂದು ಗುರುತು ಹಿಡಿಯಲು ನನ್ನಿಂದಾಗಲಿಲ್ಲ. ಎಲ್ಲವೂ ಈಜುತ್ತಿದ್ದವು.

"ಸಬ್ ಹೈ, ಅಜ್ಜಿ" ಎಂದಳು. ಆ ದಿನ ಮೊದಲ ಸಲ ಅತ್ತಳು.

ಹಾಲು ಉಕ್ಕಿತು. ರಾತ್ರಿಯ ಊಟಕ್ಕೆ ಬಂಗುಡೆ ತರಲೇ ಎಂದು ಗಂಡ ಕೇಳಿದರು. ಅಂದು ಮೀನು ತಿನ್ನದ ಸೋಮವಾರವೂ ಅಲ್ಲ, ಸಂಕಷ್ಟಿಯೂ ಅಲ್ಲ.

"ಬೇಡ" ಎಂದರು ಅತ್ತೆ, ಹಪ್ಪಳದ ಗಂಟು ಬಿಚ್ಚುತ್ತಾ. "ಇವುಗಳ ಎದುರು ಹುರಿಯಲಿಕ್ಕೆ ಆಗ್ತದಾ? ಹೇಗೂ ಇದನ್ನು ಇಡಲು ಭರಣಿ ಇಲ್ಲ. ಇವತ್ತು ಹಪ್ಪಳವೇ ಕಾಯಿಸುವ."